ಮೂಗಿಗೆ ಎರಡನೇ ಆಪರೇಷನ್: ಕಳೆದದ್ದನ್ನು ತುಂಬಿಕೊಡುವ ಕೆಲಸ

ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಆಡಿದ ಮಾತುಗಳ ಬರಹ ರೂಪ

ಒಮ್ಮೆ ಮೂಗಿನ ಆಪರೇಷನ್ ಆಗಿ, ಅದು ಸರಿಹೋಗದೆ, ಮತ್ತೆ ಡಾಕ್ಟರ ಹತ್ತಿರ ಬರಬೇಕಾದವರ ಬಗ್ಗೆ ಇವತ್ತು ಮಾತಾಡುತ್ತೇನೆ. ಇಂಥವರು ಎಲ್ಲೋ ಒಬ್ಬಿಬ್ಬರು ಅಂದುಕೊಳ್ಳಬೇಡಿ. ಮೂಗಿನ ಆಕಾರ ತಿದ್ದಿಸಿಕೊಂಡ ನೂರು ಜನರಲ್ಲಿ ಸುಮಾರು 5ರಿಂದ 15 ಮಂದಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ ಅಂತ ವೈದ್ಯಕೀಯ ವರದಿಗಳಲ್ಲಿ ಸಾಮಾನ್ಯವಾಗಿ ಓದುತ್ತೇವೆ. ಪಳಗಿದ ಕೈಯಲ್ಲಿ ಆದ ಆಪರೇಷನ್‌ಗಳೂ ಆ ಲೆಕ್ಕದಲ್ಲಿವೆ. ಹಾಗಾಗಿ ಎರಡನೇ ಸಲ ಬಂದವರೆಲ್ಲ ಕೆಟ್ಟ ಡಾಕ್ಟರ ಕೈಗೆ ಸಿಕ್ಕವರು ಅಂತ ಅಲ್ಲ.

ನನ್ನ ಹತ್ತಿರ ಬರುವವರಲ್ಲಿ ಅಂದಕ್ಕೆ ಮಾಡಿಸಿಕೊಂಡವರು ಒಂದು ಪಾಲು ಅಷ್ಟೆ. ಎಷ್ಟೋ ಜನ 'ಮೂಗಿನ ಎಲುಬು ಸೊಟ್ಟ ಇದೆ' ಅಂತ ಡಿಎನ್ಎಸ್, ಅಂದರೆ ಸೊಟ್ಟಗಾದ ನಡುಗೋಡೆಯ ಆಪರೇಷನ್ ಮಾಡಿಸಿಕೊಂಡವರು. ಬೈಕಿನಿಂದ ಬಿದ್ದು ಮೂಗು ಮುರಿದು, ಅವಸರದಲ್ಲಿ ಕೂಡಿಸಿಕೊಂಡವರು ಇದ್ದಾರೆ. ಹುಟ್ಟುವಾಗಲೇ ಸೀಳುತುಟಿ ಇದ್ದು, ಎಳೆತನದಲ್ಲೇ ತುಟಿ ಹೊಲಿಸಿಕೊಂಡ ಹುಡುಗ ಹುಡುಗಿಯರಿದ್ದಾರೆ. ಅವರ ಮೂಗಿನ ಒಂದು ಹೊಳ್ಳೆ ಚಪ್ಪಟೆಯಾಗಿಯೇ ಉಳಿದಿರುತ್ತದೆ. ಮುಖದ ಬೆಳವಣಿಗೆ ಮುಗಿದ ಮೇಲೆ, ಅಂದರೆ ಹುಡುಗಿಯರಿಗೆ ಸುಮಾರು 15–16, ಹುಡುಗರಿಗೆ 17–18 ವಯಸ್ಸಾದ ಮೇಲೆ, ಪೂರ್ತಿ ಸರಿಪಡಿಸುವ ಆಪರೇಷನ್ ಮಾಡುತ್ತೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಇದು ನನಗೆ ಬಹಳ ನೋವು ಕೊಡುವ ವಿಷಯ. ಅಂದಕ್ಕಾಗಿ ಮಾಡಿಸಿಕೊಂಡು ಕೆಟ್ಟುಹೋದರೆ ಮನೆಯವರೇ 'ಯಾರು ಮಾಡಿಸಿಕೋ ಅಂದಿದ್ದು, ಈಗ ಅನುಭವಿಸು' ಅನ್ನುತ್ತಾರೆ. ಆ ಹೆಣ್ಣುಮಗಳು ವರ್ಷಗಟ್ಟಲೆ ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಓಡಾಡುತ್ತಾಳೆ, ಉಸಿರಾಟಕ್ಕೆ ತೊಂದರೆ ಇದ್ದರೂ ಬಾಯಿ ಬಿಡುವುದಿಲ್ಲ. ದಯವಿಟ್ಟು ಹಾಗೆ ಅನ್ನಬೇಡಿ. ಕಾಯಿಲೆಗೆ ಮಾಡಿಸಿದ್ದಾಗಲಿ, ಅಂದಕ್ಕೆ ಮಾಡಿಸಿದ್ದಾಗಲಿ, ಕೆಟ್ಟ ಮೂಗು ಕೊಡುವ ಕಷ್ಟ ಒಂದೇ.

ಈಗ ಎಲ್ಲರೂ ನಿಮ್ಮ ಮೂಗನ್ನು ಒಮ್ಮೆ ಮುಟ್ಟಿ ನೋಡಿ. ಹುಬ್ಬುಗಳ ನಡುವಿನಿಂದ ಬೆರಳು ಕೆಳಗೆ ಜಾರಿಸಿ. ಮೊದಲು ಗಟ್ಟಿ ಸಿಗುತ್ತದೆ, ಅದು ಎಲುಬು. ಮೂರರಲ್ಲಿ ಒಂದು ಪಾಲು ಅಷ್ಟೇ ಅದು. ಆಮೇಲೆ ಬೆರಳು ಒತ್ತಿದರೆ ಸ್ವಲ್ಪ ತಗ್ಗುತ್ತದೆ ಅಲ್ವಾ? ಅದು ಕಾರ್ಟಿಲೇಜ್, ಮೆತ್ತನೆ ಎಲುಬು. ತುದಿ ಮತ್ತು ಹೊಳ್ಳೆಗಳು ಇನ್ನೂ ಮೆತ್ತಗೆ. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ, ಸೆಪ್ಟಮ್ ಅನ್ನುತ್ತೇವೆ. ಮೂಗಿನ ಕೆಳಗಿನ ಅರ್ಧ ನಿಂತಿರುವುದೇ ಆ ನಡುಗೋಡೆಯ ಮೇಲೆ. ಈ ಚೌಕಟ್ಟಿಗೆ ಹೊರಗಡೆ ಚರ್ಮದ ಹೊದಿಕೆ, ಒಳಗಡೆ ತೆಳ್ಳನೆಯ ಒದ್ದೆ ಪದರ. ಚರ್ಮ, ಚೌಕಟ್ಟು, ಒಳಪದರ: ಈ ಮೂರರಲ್ಲಿ ಯಾವುದು ಎಷ್ಟು ಉಳಿದಿದೆ ಅನ್ನುವುದೇ ಎರಡನೇ ಆಪರೇಷನ್ನಿನಲ್ಲಿ ನಾನು ಮೊದಲು ನೋಡುವುದು.

ಯಾಕೆ ಅಂದರೆ, ಮೊದಲ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ತೆಗೆಯುತ್ತಾರೆ. ಉಬ್ಬು ಇದ್ದರೆ ಕೆತ್ತುತ್ತಾರೆ, ತುದಿ ದಪ್ಪ ಇದ್ದರೆ ಕಾರ್ಟಿಲೇಜಿನ ಅಂಚು ಕತ್ತರಿಸುತ್ತಾರೆ, ನಡುಗೋಡೆ ಸೊಟ್ಟ ಇದ್ದರೆ ಆ ಭಾಗ ತೆಗೆಯುತ್ತಾರೆ. ಹದದಲ್ಲಿ ತೆಗೆದರೆ ತೊಂದರೆ ಇಲ್ಲ. ಜಾಸ್ತಿ ತೆಗೆದರೆ ಮೂಗು ಆವತ್ತೇ ಕುಸಿಯುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಮದುವೆ ಚಪ್ಪರದ ನಡುಗಂಬ ಕಿತ್ತರೂ ಬಟ್ಟೆ ಸ್ವಲ್ಪ ಹೊತ್ತು ಬಿಗಿಯಾಗಿಯೇ ನಿಂತಿರುತ್ತದೆ, ಹಾಗೆ. ಒಳಗಡೆ ಗಾಯ ಮಾಯುವಾಗ ಕಲೆಗಟ್ಟಿದ ಮಾಂಸ ತಿಂಗಳುಗಟ್ಟಲೆ ಕುಗ್ಗುತ್ತಾ ಹೋಗುತ್ತದೆ. ಚೌಕಟ್ಟು ಗಟ್ಟಿ ಇದ್ದರೆ ಅದು ಆ ಎಳೆತ ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಹೊಳ್ಳೆಯ ಅಂಚು ಮೇಲಕ್ಕೆ ಎಳೆದುಕೊಳ್ಳುತ್ತದೆ, ತುದಿ ಚಿವುಟಿದ ಹಾಗೆ ಸಣ್ಣದಾಗುತ್ತದೆ, ನಡುಭಾಗ ತಗ್ಗು ಬೀಳುತ್ತದೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಚೆನ್ನಾಗಿ ಕಂಡ ಮೂಗು ಮೂರು ವರ್ಷಕ್ಕೆ ಕೆಡುವುದು ಹೀಗೆ.

ಅದಕ್ಕೇ ನಡುಗೋಡೆಯ ಆಪರೇಷನ್ ಮಾಡುವಾಗ ಒಂದು ನಿಯಮ ಪಾಲಿಸುತ್ತೇವೆ. ನಡುಗೋಡೆಯ ಕಾರ್ಟಿಲೇಜಿನಲ್ಲಿ ಮೇಲಂಚಿಗೆ ಒಂದು ಪಟ್ಟಿ, ಮುಂದಿನ ಅಂಚಿಗೆ ಒಂದು ಪಟ್ಟಿ ತೆಗೆಯದೆ ಬಿಡುತ್ತೇವೆ, ಎರಡೂ ಕೂಡಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಆ ಪಟ್ಟಿಯ ಅಗಲ ಕಡಿಮೆ ಅಂದರೂ 1 ಸೆಂಟಿಮೀಟರ್ ಉಳಿಯಬೇಕು. ಒಂದೂವರೆ ಉಳಿದರೆ ಇನ್ನೂ ಒಳ್ಳೆಯದು. ಇದನ್ನು ಮೀರಿ ತೆಗೆದ ಮೂಗುಗಳನ್ನೇ ನಾನು ಮತ್ತೆ ಮತ್ತೆ ನೋಡುತ್ತೇನೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಹಳೆಯ ಸಂಗತಿ ಹೇಳಲೇಬೇಕು. ನಾವು ಕನ್ನಡಿಗರು, ಕೂತಿರುವುದು ಮುಂಬಯಿಯಲ್ಲಿ. ಈ ಸಂಗತಿ ಶ್ರೀರಂಗಪಟ್ಟಣದಿಂದ ಪುಣೆ, ಮುಂಬಯಿ ದಾಟಿ ಲಂಡನ್‌ವರೆಗೆ ಹೋಗುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸಜೀ ಅನ್ನುವ, ಬೇಸಾಯಗಾರರ ಜಾತಿಯ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಹನ್ನೆರಡು ತಿಂಗಳಿಗೂ ಜಾಸ್ತಿ ಅವನು ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮುಂಬಯಿ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಇಂಥ ಆಪರೇಷನ್ ಕಣ್ಣಾರೆ ನೋಡಿದ್ದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಅದರ ವಿವರ ಚಿತ್ರದ ಜೊತೆ ಅಚ್ಚಾಯಿತು.

ವಿವರ ಕೇಳಿ. ಮೊದಲು ತೆಳ್ಳನೆಯ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಕೂರಿಸಿ ನೋಡುವುದು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಆ ಗೆರೆಯಗುಂಟ ಹಣೆಯ ಚರ್ಮ ಬಿಡಿಸುವುದು. ಆದರೆ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿ ಹಾಗೇ ಉಳಿಸುವುದು. ಹೊಸ ಮೂಗಿಗೆ ರಕ್ತ ಬರುವುದು ಆ ಪಟ್ಟಿಯಿಂದ. ಚರ್ಮವನ್ನು ಅರ್ಧ ತಿರುಚಿ ಕೆಳಗಿಳಿಸಿ, ಮೂಗಿನ ಜಾಗದಲ್ಲಿ ಹಸಿಮಾಡಿದ ಅಂಚಿನೊಳಗೆ ಸಿಕ್ಕಿಸುವುದು. ಅಂಟಿಸಲು ಕಾಚು! ನಾವು ಎಲೆ ಅಡಿಕೆಗೆ ಹಾಕಿಕೊಳ್ಳುವ ಅದೇ ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ, ಬಟ್ಟೆಚೂರಿಗೆ ಸವರಿ, ಒಂದರ ಮೇಲೊಂದು ಹಚ್ಚುತ್ತಿದ್ದರು. ನಾಲ್ಕು ದಿನ ಅದನ್ನು ಬಿಚ್ಚುತ್ತಿರಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಬೇಕು. ಹತ್ತನೇ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಿರಲಿ ಅಂತ ಮೆತ್ತನೆಯ ಬಟ್ಟೆ ತುರುಕುವುದು. ಸುಮಾರು 25ನೇ ದಿನ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸುವುದು.

ಇದನ್ನು ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇದೇ ವಿಧಾನದಲ್ಲಿ ಆಪರೇಷನ್ ಮಾಡಿದರು, 1816ರಲ್ಲಿ ಅದರ ಪುಸ್ತಕ ತಂದರು. ಯುರೋಪಿನಲ್ಲಿ ಮೂಗು ಕಟ್ಟುವ ಕೆಲಸ ಮತ್ತೆ ಜೀವ ಪಡೆದದ್ದು ಅಲ್ಲಿಂದ. ಹಣೆಯ ಚರ್ಮ ಇಳಿಸುವುದನ್ನು ನಾವು ಇವತ್ತಿಗೂ ಮಾಡುತ್ತೇವೆ. ಎರಡು ಮೂರು ಆಪರೇಷನ್ ಆಗಿ ಮೂಗಿನ ಚರ್ಮವೇ ಸತ್ತುಹೋದವರಿಗೆ ಕೊನೆಗೆ ಇರುವ ದಾರಿ ಅದೇ. ಪುಣೆಯ ಆ ಕುಶಲಿಗನ ಹೆಸರು ಆ ಬರಹದಲ್ಲಿ ಇಲ್ಲ. ಅದು ನನಗೆ ಯಾವಾಗಲೂ ಕೊರಗು.

ಹತ್ತನೇ ದಿನ ಹೊಳ್ಳೆಗೆ ಬಟ್ಟೆ ಇಟ್ಟರಲ್ಲ, ಅದರಲ್ಲೇ ವಿಷಯ ಇದೆ. ಹಣೆಯಿಂದ ಬಂದದ್ದು ಹೊರಚರ್ಮ ಮಾತ್ರ. ಒಳಪದರ ಇಲ್ಲ, ಚೌಕಟ್ಟೂ ಇಲ್ಲ. ಒಳಗಡೆ ಬರೀ ಹಸಿಗಾಯ ಇದ್ದರೆ ಅದು ಕುಗ್ಗಿಯೇ ಕುಗ್ಗುತ್ತದೆ. ಇದರ ಇನ್ನೊಂದು ಮುಖವನ್ನು ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಎನ್.ಎಚ್. ಅಂತಿಯಾ ಅವರಂಥ ಹಿರಿಯರು ನೋಡಿದರು. ಕುಷ್ಠರೋಗಿಗಳ ಕೈ, ಮುಖ ಸರಿಪಡಿಸುವುದಕ್ಕೆ ಅವರು ದುಡಿದದ್ದು ಬಹಳ. ಆ ಕಾಯಿಲೆಯಲ್ಲಿ ಮೂಗಿನ ಹೊರಚರ್ಮ ಚೆನ್ನಾಗಿಯೇ ಇರುತ್ತದೆ, ಒಳಪದರ ಮತ್ತು ನಡುಗೋಡೆ ಹಾಳಾಗಿ ಮೂಗು ಒಳಕ್ಕೆ ಎಳೆದುಕೊಂಡಿರುತ್ತದೆ. ಅಲ್ಲಿ ಒಳಗಿನಿಂದ ಬಿಡಿಸಿ, ಒಳಪದರವನ್ನೇ ಹೊಸದಾಗಿ ಕೊಡಬೇಕು. ಹೊರಗೆ ಎಷ್ಟು ಕೆತ್ತಿದರೂ ಪ್ರಯೋಜನ ಇಲ್ಲ. ಯಾವ ಪದರ ಕಳೆದಿದೆಯೋ ಅದನ್ನೇ ತುಂಬಬೇಕು. ನನ್ನ ಇಡೀ ಮಾತಿನ ತಿರುಳು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಈಗ ಕಾಯುವ ವಿಷಯ. ಎರಡನೇ ಆಪರೇಷನ್ ಮಾಡಿಸುವ ಮುಂಚೆ ಕಡಿಮೆ ಅಂದರೂ ಒಂದು ವರ್ಷ ಕಾಯಬೇಕು. ಚರ್ಮ ದಪ್ಪ ಇದ್ದರೆ ಒಂದೂವರೆ ವರ್ಷವೂ ಆಗಬಹುದು. ನಮ್ಮ ಕಡೆಯವರಲ್ಲಿ ಮೂಗಿನ ತುದಿಯ ಚರ್ಮ ದಪ್ಪ ಇರುವುದು ಸಾಮಾನ್ಯ. ತುದಿಯ ಬಾವು ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗ ಜಾಸ್ತಿ, ಸಂಜೆಗೆ ಕಡಿಮೆ. ಬಾವು ಇರುವಾಗಲೇ ಮತ್ತೆ ಕತ್ತರಿ ಹಾಕಿದರೆ ಎಲ್ಲಿ ಮಾಂಸ, ಎಲ್ಲಿ ಕಾರ್ಟಿಲೇಜ್ ಅಂತ ಬಿಡಿಸಿ ನೋಡುವುದೇ ಕಷ್ಟ. ರಕ್ತನಾಳಗಳೂ ಇನ್ನೂ ಸರಿಯಾಗಿ ಕೂಡಿಕೊಂಡಿರುವುದಿಲ್ಲ.

ಡೊಂಬಿವಲಿಯಿಂದ ಒಬ್ಬ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಮೂಗಿನ ಉಬ್ಬು ತೆಗೆಸಿ ಆರು ತಿಂಗಳಾಗಿತ್ತು. ತುದಿಗಿಂತ ಸ್ವಲ್ಪ ಮೇಲೆ ದಪ್ಪನೆ ಊದಿ, ಪಕ್ಕದಿಂದ ನೋಡಿದರೆ ಮೂಗು ಕೆಳಕ್ಕೆ ಬಾಗಿದ ಹಾಗೆ ಕಾಣುತ್ತಿತ್ತು. ನಿಶ್ಚಿತಾರ್ಥ ಹತ್ತಿರ ಬಂದಿದೆ, ಈಗಲೇ ಸರಿಮಾಡಿ ಅಂತ ಅಮ್ಮನ ಒತ್ತಾಯ. ನಾನು ಬೆರಳಿನಿಂದ ಒತ್ತಿ ನೋಡಿದೆ. ಕೆಳಗೆ ಗಟ್ಟಿ ಕಾರ್ಟಿಲೇಜ್ ಸಿಗಲಿಲ್ಲ, ಮೆತ್ತಗೆ ಬಾವು ಸಿಕ್ಕಿತು. 'ಅಮ್ಮ, ಇದಕ್ಕೆ ಕತ್ತರಿ ಬೇಡ' ಅಂದೆ. ರಾತ್ರಿ ಮಲಗುವಾಗ ಆ ಜಾಗಕ್ಕೆ ಟೇಪ್ ಬಿಗಿಯಾಗಿ ಹಚ್ಚಿಕೊಳ್ಳಲು ಹೇಳಿಕೊಟ್ಟೆ. ಒಂದೆರಡು ಸಲ ಸ್ಟೆರಾಯ್ಡ್ ಇಂಜೆಕ್ಷನ್ನನ್ನು ಬಹಳ ಸಣ್ಣ ಪ್ರಮಾಣದಲ್ಲಿ ಆಳಕ್ಕೆ ಕೊಟ್ಟೆ. ಇದನ್ನು ಅಳತೆ ಮೀರಿ ಕೊಟ್ಟರೆ ಚರ್ಮ ತೆಳ್ಳಗಾಗಿ ಗುಳಿ ಬೀಳುತ್ತದೆ, ಅದಕ್ಕೇ ಅನುಭವ ಇರುವವರೇ ಕೊಡಬೇಕು. ವರ್ಷ ತುಂಬುವ ಹೊತ್ತಿಗೆ ಊತ ಇಳಿದಿತ್ತು. ಎರಡನೇ ಆಪರೇಷನ್ ಬೇಕಾಗಲೇ ಇಲ್ಲ. ಅದೇ ಜಾಗದಲ್ಲಿ ಗಟ್ಟಿ ಕಾರ್ಟಿಲೇಜ್ ಉಳಿದುಹೋಗಿದ್ದರೆ, ಅಥವಾ ತುದಿಗೆ ಆಸರೆ ಕಡಿಮೆಯಾಗಿ ಕುಸಿದಿದ್ದರೆ, ಎಷ್ಟು ಟೇಪ್ ಹಚ್ಚಿದರೂ ಇಳಿಯುತ್ತಿರಲಿಲ್ಲ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಕೈಯಿಂದ ಮುಟ್ಟಿ ನೋಡದೆ, ಬರೀ ವಾಟ್ಸಾಪ್ ಫೋಟೋ ನೋಡಿ ಆಪರೇಷನ್ ಹೇಳುವವರ ಮಾತು ನಂಬಬೇಡಿ.

ಕಾಯಬಾರದ ಸಂದರ್ಭಗಳೂ ಇವೆ. ಸೋಂಕಾಗಿ ಕೀವು ಬಂದರೆ, ಮೂಗು ಎತ್ತರಿಸಲು ಒಳಗಿಟ್ಟ ಸಿಲಿಕೋನ್ ತುಂಡು ಚರ್ಮವನ್ನು ಕೆಂಪಗೆ ಮಾಡಿ ಹೊರಗೆ ಇಣುಕಿದರೆ, ಆಪರೇಷನ್ ಆದ ಒಂದೆರಡು ದಿನದಲ್ಲಿ ನಡುಗೋಡೆಯ ಎರಡೂ ಕಡೆ ರಕ್ತ ತುಂಬಿ ಮೂಗು ಪೂರ್ತಿ ಕಟ್ಟಿದರೆ, ಆವತ್ತೇ ಆಸ್ಪತ್ರೆಗೆ ಹೋಗಬೇಕು. ಆ ರಕ್ತ ತೆಗೆಯದಿದ್ದರೆ ಕಾರ್ಟಿಲೇಜ್ ಕರಗಿ ಹೋಗುತ್ತದೆ.

ಉಸಿರಿನ ಮಾತಿಗೆ ಬರುತ್ತೇನೆ. ಎರಡನೇ ಆಪರೇಷನ್‌ಗೆ ಬಂದವರನ್ನು ನಾನು ಮೊದಲು ಕೇಳುವುದು 'ರಾತ್ರಿ ಬಾಯಿ ತೆರೆದು ಮಲಗುತ್ತೀರಾ?' ಅಂತ. ಬಹಳ ಜನ ಹೌದು ಅನ್ನುತ್ತಾರೆ. ಎಷ್ಟೋ ವರ್ಷದಿಂದ ಅದೇ ಅಭ್ಯಾಸವಾಗಿ, ಅದೊಂದು ತೊಂದರೆ ಅಂತಲೇ ಅವರಿಗೆ ಅನ್ನಿಸಿರುವುದಿಲ್ಲ. ಮೂಗಿನ ಒಳಗೆ, ನಡುಗೋಡೆಯೂ ಪಕ್ಕದ ಕಾರ್ಟಿಲೇಜೂ ಸೇರುವ ಕಡೆ ಒಂದು ಸಂದಿ ಇದೆ. ಆ ಕೋನ ಬರೀ 10ರಿಂದ 15 ಡಿಗ್ರಿ. ಗಾಳಿ ಹೋಗುವ ದಾರಿಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಅದು. ಉಬ್ಬು ಕೆತ್ತುವಾಗ ಆ ಕಾರ್ಟಿಲೇಜಿನ ಹಿಡಿತ ಬಿಟ್ಟುಹೋದರೆ ಅದು ಒಳಕ್ಕೆ ಬೀಳುತ್ತದೆ. ಹೊರಗೆ ಎಲುಬಿನ ಅಂಚು ತಲೆಕೆಳಗಾದ ವಿ ಆಕಾರದಲ್ಲಿ ಕಾಣತೊಡಗುತ್ತದೆ. ಒಳಗೆ ಉಸಿರು ಕಟ್ಟುತ್ತದೆ.

ಈಗ ಹೀಗೆ ಮಾಡಿ. ಒಂದು ಕಡೆಯ ಕೆನ್ನೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಕಿವಿಯ ಕಡೆ ಎಳೆಯಿರಿ. ಉಸಿರು ಎಳೆದುಕೊಳ್ಳಿ. ಸ್ವಲ್ಪ ಸಲೀಸಾಗುತ್ತದೆ, ಎಲ್ಲರಿಗೂ ಆಗುವಂಥದ್ದೇ. ಆದರೆ ಬಾಗಿಲು ತೆರೆದಷ್ಟು ವ್ಯತ್ಯಾಸ ಆದರೆ ಆ ಸಂದಿ ಇಕ್ಕಟ್ಟಾಗಿದೆ ಅಂತ ಸಂಶಯ ಪಡಬಹುದು. ಇಂಥವರು ಮೆಡಿಕಲ್ ಶಾಪಿನಿಂದ ಮೂಗಿನ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಬಿಟ್ಟುಕೊಳ್ಳುತ್ತಿರುತ್ತಾರೆ. ಮೂಗು ಬಿಡಿಸುವ ಆ ಡ್ರಾಪ್ಸನ್ನು ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಿದರೆ, ಹಾಕದಿದ್ದಾಗ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಚೌಕಟ್ಟು ಬಿದ್ದದ್ದನ್ನು ಡ್ರಾಪ್ಸ್ ಎತ್ತಿ ನಿಲ್ಲಿಸಲಾರದು.

ಅದಕ್ಕೆ ಮದ್ದು ಅಲ್ಲಿ ಕಾರ್ಟಿಲೇಜಿನ ಸಣ್ಣ ಕಡ್ಡಿ ಇಡುವುದು. ಬೆಂಕಿಕಡ್ಡಿಗಿಂತ ಕೊಂಚ ಅಗಲದ ಎರಡು ಪಟ್ಟಿಗಳನ್ನು ನಡುಗೋಡೆಯ ಎರಡೂ ಪಕ್ಕಕ್ಕೆ ಹೊಲಿದು, ಕುಸಿದ ಸಂದಿಯನ್ನು ಅಗಲ ಮಾಡುತ್ತೇವೆ. ಸ್ಪ್ರೆಡರ್ ಗ್ರಾಫ್ಟ್ ಅಂತ ಇದರ ಹೆಸರು. ಅಮೆರಿಕದ ಜಾಕ್ ಶೀನ್ 1984ರಲ್ಲಿ ಇದನ್ನು ವಿವರಿಸಿದರು, ಅದೂ ಆಪರೇಷನ್ ಆಗಿ ನಡುಭಾಗ ಕುಸಿದ ಮೂಗುಗಳಿಗಾಗಿಯೇ. ಮೂಗು ನೋಡಲು ಸ್ವಲ್ಪ ಅಗಲ ಆಗಬಹುದು ಅಂತ ಮೊದಲೇ ಹೇಳುತ್ತೇನೆ. ಉಸಿರು ಬೇಕಾದವರು ಅದಕ್ಕೆ ಒಪ್ಪುತ್ತಾರೆ.

ಹಾಗಾದರೆ ಈ ಕಾರ್ಟಿಲೇಜ್ ಎಲ್ಲಿಂದ? ಮೊದಲ ಆಯ್ಕೆ ಮೂಗಿನ ನಡುಗೋಡೆಯದೇ. ನೇರವಾಗಿರುತ್ತದೆ, ಗಟ್ಟಿ ಇರುತ್ತದೆ, ಬೇರೆ ಕಡೆ ಗಾಯ ಬೇಡ. ಆದರೆ ಎರಡನೇ ಸಲ ಬಂದವರಲ್ಲಿ ಅದು ಬಹುಮಟ್ಟಿಗೆ ಖಾಲಿ. ಆಮೇಲೆ ಕಿವಿ. ಕಿವಿಯ ಬಟ್ಟಲಿನ ಭಾಗದಿಂದ, ಹಿಂದಿನಿಂದ ಗೀರಿ ತೆಗೆಯುತ್ತೇವೆ, ಕಿವಿಯ ಆಕಾರ ಬದಲಾಗುವುದಿಲ್ಲ. ಅದು ಬಾಗಿರುತ್ತದೆ, ಮೆತ್ತಗಿರುತ್ತದೆ. ಹೊಳ್ಳೆಯ ಅಂಚಿಗೆ ಒಳ್ಳೆಯದು, ಮೂಗನ್ನೇ ಎತ್ತಿ ನಿಲ್ಲಿಸುವುದಕ್ಕೆ ಸಾಲದು. ಆ ಕೆಲಸಕ್ಕೆ ಪಕ್ಕೆಲುಬಿನ ಕಾರ್ಟಿಲೇಜೇ ಆಗಬೇಕು.

ಅಂಧೇರಿಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವ ನಮ್ಮ ಉಡುಪಿ ಕಡೆಯ ಒಬ್ಬರಿದ್ದರು. ಊರಿನ ಕಡೆ ಎಲ್ಲೋ ನಡುಗೋಡೆಯ ಆಪರೇಷನ್ ಆಗಿ, ಕೆಲವು ವರ್ಷದಲ್ಲಿ ಮೂಗಿನ ನಡು ಪೂರ್ತಿ ಕುಸಿದಿತ್ತು. ನಡುಗೋಡೆಯಲ್ಲಿ ತೂತೂ ಬಿದ್ದಿತ್ತು. ಉಸಿರು ಎಳೆದಾಗ ಸಣ್ಣಗೆ ಸಿಳ್ಳೆಯ ಸದ್ದು, ಆಗಾಗ ಒಣಗಿದ ಪಕ್ಕು, ರಕ್ತ. 'ಗಿರಾಕಿಗಳು ದುಡ್ಡು ಕೊಡುವಾಗ ಮೂಗೇ ನೋಡ್ತಾರೆ ಡಾಕ್ಟ್ರೇ' ಅಂದಿದ್ದರು. ಅವರಿಗೆ ಪಕ್ಕೆಲುಬಿನಿಂದಲೇ ಕಟ್ಟಬೇಕಾಯಿತು.

ಅದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕಂದರೆ ಪಕ್ಕೆಲುಬು ಅಂದ ಕೂಡಲೇ ಜನ ಹೆದರುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಎದೆಯ ಕೆಳಭಾಗದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಗೀರು. ಹೆಂಗಸರಿಗಾದರೆ ಸ್ತನದ ಕೆಳಗಿನ ಮಡಿಕೆಯಲ್ಲಿ, ಕಲೆ ಹೊರಗೆ ಕಾಣದ ಹಾಗೆ. ಆರನೇ ಅಥವಾ ಏಳನೇ ಪಕ್ಕೆಲುಬಿನ ತುದಿಗಿರುವ ಬಿಳಿ ಕಾರ್ಟಿಲೇಜಿನ ಒಂದು ತುಂಡು ಬಿಡಿಸುತ್ತೇವೆ. ಅದರ ಹಿಂದೆಯೇ ಶ್ವಾಸಕೋಶದ ಹೊದಿಕೆ ಇದೆ. ಅದಕ್ಕೆ ಪೆಟ್ಟಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಆ ಗಾಯದ ಗುಳಿಗೆ ಸಲೈನ್ ನೀರು ತುಂಬುತ್ತೇವೆ. ಅರಿವಳಿಕೆ ಡಾಕ್ಟರು ಶ್ವಾಸಕೋಶ ಉಬ್ಬಿಸುತ್ತಾರೆ. ಎಲ್ಲರೂ ಆ ನೀರನ್ನೇ ನೋಡುತ್ತಾ ನಿಲ್ಲುತ್ತೇವೆ. ಗುಳ್ಳೆ ಬರಲಿಲ್ಲ ಅಂದರೆ ಸರಿ, ಹೊಲಿಗೆ ಹಾಕಬಹುದು.

ಆಮೇಲೆ ಕೆತ್ತನೆ. ಈ ಕಾರ್ಟಿಲೇಜಿಗೆ ಒಂದು ಗುಣ ಇದೆ. ಕೆತ್ತಿದ ಮೇಲೆ ಬಾಗುತ್ತದೆ. ಹೊರಮೈಯಲ್ಲಿ ಬಿಗಿತ ಜಾಸ್ತಿ. ಒಂದೇ ಕಡೆ ಕೆತ್ತಿದರೆ ಇನ್ನೊಂದು ಕಡೆಯ ಬಿಗಿತ ಅದನ್ನು ಎಳೆಯುತ್ತದೆ. ಗಿಬ್ಸನ್ ಮತ್ತು ಡೇವಿಸ್ ಅನ್ನುವವರು 1958ರಲ್ಲೇ ಇದರ ಕಾರಣ ತೋರಿಸಿ, ಎರಡೂ ಕಡೆ ಸಮನಾಗಿ ಕೆತ್ತಿ ನಡುಭಾಗ ಬಳಸಿ ಅಂದರು. ಇವತ್ತಿಗೂ ಹಾಗೇ ಮಾಡುತ್ತೇವೆ. ಕೆತ್ತಿದ ತುಂಡನ್ನು ಸಲೈನಿನ ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ವಾಪಸ್ ಬಂದು ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಬಾಗಿದ್ದರೆ ಮತ್ತೆ ಕೆತ್ತುವುದು, ಮತ್ತೆ ಬಿಡುವುದು. ಇಲ್ಲಿ ಅವಸರ ಮಾಡಿದರೆ ಆರು ತಿಂಗಳಿಗೆ ಮೂಗು ಸೊಟ್ಟ ಆಗುತ್ತದೆ. ಇಂಥ ಆಪರೇಷನ್ ಮೂರು ಗಂಟೆ, ಕೆಲವೊಮ್ಮೆ ಐದು ಗಂಟೆ ಹಿಡಿಯುವುದು ಇದಕ್ಕೇ. ಇನ್ನೊಂದು ದಾರಿಯೂ ಇದೆ. ಕಾರ್ಟಿಲೇಜನ್ನು ಸಣ್ಣಗೆ ಹೆಚ್ಚಿ, ಕಿವಿಯ ಮೇಲೆ ಕೂದಲಿನೊಳಗಿನಿಂದ ತೆಗೆದ ತೆಳುಪದರದಲ್ಲಿ ಸುತ್ತಿ ಮೂಗಿನ ಮೇಲ್ಭಾಗಕ್ಕೆ ಇಡುವುದು. ಅದು ಬಾಗುವುದಿಲ್ಲ, ಆದರೆ ಆಸರೆಯನ್ನೂ ಕೊಡುವುದಿಲ್ಲ. ತಗ್ಗು ತುಂಬಲು ಮಾತ್ರ. ಅಂಧೇರಿಯವರು ಹೋಟೆಲಿಗೆ ವಾಪಸ್ ಹೋದಾಗ ಮೂಗಿಗಿಂತ ಎದೆ ನೋವೇ ಜಾಸ್ತಿ ದಿನ ಇತ್ತು ಅಂದರು. ಕೆಮ್ಮಿದರೆ, ನಕ್ಕರೆ ಒಂದೆರಡು ವಾರ ಚುಳ್ ಅನ್ನುತ್ತದೆ. ನಡುಗೋಡೆಯ ತೂತು ಮುಚ್ಚುವುದು ಪಕ್ಕೆಲುಬಿಗಿಂತ ಕಷ್ಟ, ತೂತು ದೊಡ್ಡದಿದ್ದರೆ ಪೂರ್ತಿ ಮುಚ್ಚುವ ಭರವಸೆ ಯಾರೂ ಕೊಡಲಾರರು.

'ಸಿಲಿಕೋನ್ ಇಟ್ಟುಬಿಡಿ ಡಾಕ್ಟ್ರೇ, ಪಕ್ಕೆಲುಬು ಯಾಕೆ' ಅಂತ ಕೇಳುತ್ತಾರೆ. ಮೊದಲ ಸಲದ ಮೂಗಿಗೆ ಅದನ್ನು ಇಡುವವರಿದ್ದಾರೆ. ಆದರೆ ಒಮ್ಮೆ ಕತ್ತರಿ ಬಿದ್ದ ಮೂಗಿನ ಚರ್ಮ ತೆಳ್ಳಗಿರುತ್ತದೆ, ಬಿಗಿಯಾಗಿರುತ್ತದೆ, ರಕ್ತ ಕಡಿಮೆ. ಅಲ್ಲಿ ಹೊರಗಿನ ವಸ್ತು ಇಟ್ಟರೆ ಸೋಂಕು, ಚರ್ಮ ಹರಿದು ಹೊರಬರುವುದು, ಎರಡರ ಭಯವೂ ಜಾಸ್ತಿ. ನಾನು ಇಡುವುದಿಲ್ಲ. ಫಿಲ್ಲರ್ ಇಂಜೆಕ್ಷನ್, ಅಂದರೆ ಚರ್ಮದ ಕೆಳಗೆ ಜೆಲ್ ಚುಚ್ಚಿ ತುಂಬುವುದು, ಅದರ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಆಪರೇಷನ್ ಇಲ್ಲದೆ ಹದಿನೈದು ನಿಮಿಷದಲ್ಲಿ ಮೂಗು ನೇರ ಅಂತ ಜಾಹೀರಾತು ನೋಡಿರುತ್ತೀರಿ. ಮೂಗಿನ ರಕ್ತನಾಳಗಳು ಕಣ್ಣಿನ ರಕ್ತನಾಳಗಳ ಜೊತೆ ಕೂಡಿಕೊಂಡಿವೆ. ಫಿಲ್ಲರ್ ನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಆಪರೇಷನ್ ಆದ ಮೂಗಿನಲ್ಲಿ ನಾಳಗಳು ತಮ್ಮ ಜಾಗದಲ್ಲಿ ಇರುವುದಿಲ್ಲ, ಹಾಗಾಗಿ ಅಪಾಯ ಇನ್ನೂ ಜಾಸ್ತಿ. ಬ್ಯೂಟಿ ಪಾರ್ಲರಿನಲ್ಲಿ ಸುಮ್ನೆ ಮಾಡಿಸಿಕೊಳ್ಳುವ ವಿಷಯ ಇದಲ್ಲವೇ ಅಲ್ಲ.

ಫೋಟೋ ವಿಷಯಕ್ಕೆ ಎರಡು ಮಾತು. ಬಂದವರು ಮೊಬೈಲ್ ತೆಗೆದು ಸೆಲ್ಫಿ ತೋರಿಸುತ್ತಾರೆ, ನೋಡಿ ಎಷ್ಟು ದಪ್ಪ ಇದೆ ಅಂತ. ಮುಖದಿಂದ 12 ಇಂಚು ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಸುಮಾರು 30 ಶೇಕಡಾ ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾಗಿ ಸೆಲ್ಫಿ ನೋಡಿ ನಿರ್ಧಾರ ಬೇಡ. ನನಗೆ ಬೇಕಾದದ್ದು ಮೊದಲ ಆಪರೇಷನ್ನಿಗೂ ಮುಂಚಿನ ಫೋಟೋ. ಮದುವೆ ಆಲ್ಬಂ ಇರಲಿ, ಕಾಲೇಜಿನ ಐಡಿ ಕಾರ್ಡ್ ಇರಲಿ, ತನ್ನಿ. ಮೂಗು ಮೊದಲು ಹೇಗಿತ್ತು ಅಂತ ತಿಳಿದರೆ ಏನು ತೆಗೆದಿದ್ದಾರೆ ಅಂತ ಊಹಿಸಬಹುದು.

ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್ ಜೊತೆಗೆ ಆಪರೇಷನ್ ನೋಟ್ಸನ್ನೂ ಕೇಳಿ ತನ್ನಿ. ನಿಮ್ಮ ದಾಖಲೆ ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚ ಬೇಡ. ನಡುಗೋಡೆಯಿಂದ ಎಷ್ಟು ತೆಗೆದರು, ಕಿವಿಯಿಂದ ಆಗಲೇ ತೆಗೆದಿದ್ದಾರಾ, ಒಳಗೆ ಏನಾದರೂ ಇಟ್ಟಿದ್ದಾರಾ, ಇಷ್ಟು ಗೊತ್ತಾದರೆ ನನ್ನ ಅರ್ಧ ಕೆಲಸ ಹಗುರ.

ಕೆಲವೊಮ್ಮೆ ಎಲ್ಲ ನೋಡಿದ ಮೇಲೆ ನಾನು ಆಪರೇಷನ್ ಮಾಡುವುದಿಲ್ಲ ಅನ್ನುತ್ತೇನೆ. ಮೂಗು ಚೆನ್ನಾಗಿಯೇ ಇರುತ್ತದೆ, ಉಸಿರೂ ಚೆನ್ನಾಗಿರುತ್ತದೆ. ಆದರೆ ಆ ವ್ಯಕ್ತಿ ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಂತು, ಬೇರೆಯವರಿಗೆ ಕಾಣದ ಒಂದು ಊನ ನೋಡುತ್ತಿರುತ್ತಾನೆ. ಕೆಲಸಕ್ಕೆ ಹೋಗುವುದು ಬಿಟ್ಟಿರುತ್ತಾನೆ. ಇದು ನಿಜವಾದ ಕಾಯಿಲೆ, ಮನಸ್ಸಿನದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮಾನಸಿಕ ವೈದ್ಯರು ಕೊಡುತ್ತಾರೆ. ಇಂಥವರಿಗೆ ಎಷ್ಟು ಸಲ ಆಪರೇಷನ್ ಮಾಡಿದರೂ ಸಮಾಧಾನ ಸಿಗುವುದಿಲ್ಲ, ಪ್ರತಿ ಸಲವೂ ಮೂಗು ಇನ್ನಷ್ಟು ಹಾಳಾಗುತ್ತದೆ. ಮನೆಯವರು ಅವರನ್ನು ಬೈಯದೆ, ಜೊತೆಗೆ ಬಂದು ಕೂತರೆ ಬಹಳ ಉಪಕಾರ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ನಮ್ಮ ದೇಶದ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಮತ್ತೆ ಕಟ್ಟಿಕೊಡುವುದಕ್ಕೂ, ವೈದ್ಯಕೀಯವಾಗಿ ಅಗತ್ಯ ಅಂತ ಡಾಕ್ಟರು ಬರೆದುಕೊಟ್ಟದ್ದಕ್ಕೂ ಕೊಡಬಹುದು. ಉಸಿರಾಟದ ತೊಂದರೆ ಇದ್ದರೆ ಅದನ್ನು ಪರೀಕ್ಷೆ ಮಾಡಿಸಿ, ಮೊದಲೇ ವಿಮೆ ಕಂಪನಿಗೆ ಬರೆದು ಕೇಳಿ. ಆಪರೇಷನ್ ಆದ ಮೇಲೆ ಜಗಳ ಮಾಡಿದರೆ ಕಷ್ಟ.

ತಯಾರಿ ಹೀಗೆ. ಸಿಗರೇಟು, ಗುಟ್ಕಾ, ತಂಬಾಕು ನಾಲ್ಕು ವಾರ ಮುಂಚೆ ಪೂರ್ತಿ ಬಿಡಬೇಕು, ಆಮೇಲೂ ನಾಲ್ಕು ವಾರ. ತಂಬಾಕಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಮೊದಲೇ ರಕ್ತ ಕಡಿಮೆ ಇರುವ ಮೂಗಿನ ಚರ್ಮಕ್ಕೆ ಅದು ವಿಷ. ಆಸ್ಪಿರಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೂಗುತಿ ತೆಗೆಯಬೇಕು. ನಮ್ಮ ಹೆಂಗಸರಿಗೆ ಇದು ದೊಡ್ಡ ವಿಷಯ ಅಂತ ನನಗೆ ಗೊತ್ತು, ಕೆಲವು ಮನೆಗಳಲ್ಲಿ ಮುತ್ತೈದೆ ಮೂಗುತಿ ತೆಗೆಯಬಾರದು ಅಂತ ಅತ್ತೆ ಒಪ್ಪುವುದಿಲ್ಲ. ಆ ಅತ್ತೆಯವರನ್ನು ನಾನೇ ಕೂರಿಸಿಕೊಂಡು ಮಾತಾಡಿದ್ದುಂಟು. ತೂತು ಮುಚ್ಚಿಕೊಂಡರೆ ಗಾಯ ಪೂರ್ತಿ ಮಾಯ್ದ ಮೇಲೆ ಮತ್ತೆ ಚುಚ್ಚಿಸಬಹುದು. ಡಾಕ್ಟರನ್ನು ಕೇಳದೆ ಅಕ್ಕಸಾಲಿಗರ ಹತ್ತಿರ ಹೋಗಬೇಡಿ, ಯಾಕಂದರೆ ಚುಚ್ಚುವ ಜಾಗದ ಕೆಳಗೇ ನಾವು ಇಟ್ಟ ಕಾರ್ಟಿಲೇಜ್ ಇರಬಹುದು.

ಆಪರೇಷನ್ ಆದ ಮೇಲೆ ಸುಮಾರು ಒಂದು ವಾರ ಮೂಗಿನ ಮೇಲೆ ಪಟ್ಟಿ. ತಲೆ ಎತ್ತರಕ್ಕಿಟ್ಟು ಮಲಗಬೇಕು. ಜೋರಾಗಿ ಊದಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕ ಕೆಲವು ವಾರ ಮೂಗಿನ ಮೇಲೆ ಕೂರಬಾರದು, ಹಣೆಗೆ ಟೇಪ್ ಹಾಕಿ ಎತ್ತಿ ಕಟ್ಟಿಕೊಳ್ಳಬಹುದು. ಆರು ವಾರ ಲೋಕಲ್ ಟ್ರೇನಿನ ಪೀಕ್ ಅವರ್ ಬೇಡ. ದಾದರಿನಲ್ಲಿ ಇಳಿಯುವ ಹೊತ್ತಿಗೆ ಯಾರದಾದರೂ ಮೊಣಕೈ ಬಡಿದರೆ ಐದು ಗಂಟೆಯ ಕೆಲಸ ಹೋಯಿತು. ಆಫೀಸಿಗೆ ಹೋಗಲೇಬೇಕಾದವರು ಹೊತ್ತು ಬದಲಾಯಿಸಿಕೊಳ್ಳಿ. ಬಾಸ್‌ಗೆ ಕಾಗದ ಬೇಕಿದ್ದರೆ ನಾನು ಬರೆದುಕೊಡುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಮೂರನೇ ಸಲವೂ ಮಾಡಿಸಬಹುದಾ ಅಂತ. ಮಾಡಿಸಬಹುದು, ಮಾಡಿದ್ದೇವೆ ಕೂಡ. ಆದರೆ ಪ್ರತಿ ಸಲವೂ ಚರ್ಮ ಬಿಗಿಯಾಗುತ್ತದೆ, ತೆಗೆಯಲು ಕಾರ್ಟಿಲೇಜ್ ಕಡಿಮೆಯಾಗುತ್ತದೆ. ಉಸಿರಾಡಲು ಆಗುತ್ತಿಲ್ಲ ಅಂದರೆ ಮೂರನೆಯದಕ್ಕೂ ನಾನು ತಯಾರು. ಎದುರು ಕೂತವರಿಗೆ ಎದ್ದು ಕಾಣುವ ಸೊಟ್ಟ ಇದ್ದರೂ ಯೋಚಿಸೋಣ. ಒಂದು ಮಿಲಿಮೀಟರ್ ತುದಿ ಎತ್ತಬೇಕು ಅಂತ ಬಂದರೆ, ಒಂದು ವರ್ಷ ಬಿಟ್ಟು ಬನ್ನಿ, ಆಮೇಲೂ ಹಾಗೇ ಅನ್ನಿಸಿದರೆ ಮಾತಾಡೋಣ ಅನ್ನುತ್ತೇನೆ.